ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವಷ್ಟು

ಮೊನ್ನೆ ಶನಿವಾರ ಕಲಘಟಗಿಯಲ್ಲಿ ಈ ವರ್ಷದ ಮೊದಲ ದೊಡ್ಡ ಮಳೆ ಬಿತ್ತು. ನಮ್ಮ ಕ್ಲಬ್ಬಿನ ಬೀರು ತೆಗೆದು ಇಸ್ಪೀಟು ಇಡುವ ತಗಡಿನ ಡಬ್ಬಿಯ ಮುಚ್ಚಳ ಎತ್ತಿದೆ. ಡಾಂಬರ ಗುಳಿಗೆಯದೂ ತೇವ ಹಿಡಿದ ರಟ್ಟಿನದೂ ಕಲೆತ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಎಲೆಗಳ ಕಟ್ಟು ಎತ್ತಿದರೆ ತಳದಲ್ಲಿ ಒಂದು ಪೋಸ್ಟ್‌ಕಾರ್ಡು. ಅದರ ಮೇಲೆ ದುಂಡು ಅಕ್ಷರದ ಹನ್ನೊಂದು ಸಾಲು. ಎಂಟು ಸಾಲಿಗೆ ಗೀಟು ಬಿದ್ದಿದೆ, ಏಳು ನೀಲಿ, ಒಂದು ಮಾತ್ರ ಕೆಂಪು. ಕಾರ್ಡು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತೆ. ಹೋದ ವರ್ಷದ ಮಳೆಗಾಲ ಪೂರ್ತಿ ನಾನು ನನ್ನ ಆಟದ ಜೊತೆಗಾತಿಯ ಮೇಲೆ ಸಂಶಯಪಡುತ್ತಲೇ ಕಳೆದಿದ್ದೆ. ಅದನ್ನು ಬರೆದಿಡಬೇಕು ಎನಿಸಿತು.

ನನ್ನ ಔಷಧಿ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗಿದೆ. ಮೂವತ್ತು ವರ್ಷ ದಾಟಿತು. ಈ ಕಸುಬಿನಲ್ಲಿ ನಂಬುವ ಮನುಷ್ಯ ಬಹಳ ದಿನ ಉಳಿಯುವುದಿಲ್ಲ. ವೈದ್ಯರ ಚೀಟಿ ತಂದರೆ ಅಕ್ಷರದ ಮೇಲೆ ಸಂಶಯ, ಚೀಟಿ ಇಲ್ಲದೆ ಬಂದರೆ ಬಂದವನ ಮೇಲೆ ಸಂಶಯ. ‘ಅದ ಗುಲಾಬಿ ಗುಳಿಗಿ ಕೊಡ್ರಿ’ ಎಂದು ಯಾರಾದರೂ ಕೇಳಿದರೆ, ಯಾರು ಬರೆದುಕೊಟ್ಟರು, ಎಷ್ಟು ದಿನದಿಂದ ತಗೊಳ್ಳುತ್ತೀರಿ, ಹಳೇ ಚೀಟಿ ಎಲ್ಲಿ ಎಂದು ಪೊಲೀಸರ ಹಾಗೆ ವಿಚಾರಿಸುವವನು ನಾನು. ಬಮ್ಮಿಗಟ್ಟಿ ಕಡೆಯ ಒಬ್ಬ ಅಜ್ಜಿಯಂತೂ, ‘ಈ ಯಪ್ಪನ ಕಡೆ ಗುಳಿಗಿ ತಗೊಳ್ಳೂದಂದ್ರ ಪರೀಕ್ಷಾ ಬರದಂಗ ಆಗತದವಾ’ ಎಂದು ನನ್ನೆದುರೇ ಗೊಣಗುತ್ತಾಳೆ. ಗೊಣಗಲಿ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ತಪ್ಪು ಗುಳಿಗೆ ಹೋಗಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಗೆ ಅರ್ಧ ರಜೆ, ನನಗೆ ಕ್ಲಬ್ಬು. ಮಹಡಿಯ ಮೇಲೆ ಒಂದು ಹಾಲು, ನಾಲ್ಕು ಟೇಬಲ್ಲು. ಮೂರರಲ್ಲಿ ರಮ್ಮಿಯ ಗದ್ದಲ, ಕಿಟಕಿಯ ಪಕ್ಕದ ಒಂದರಲ್ಲಿ ಮಾತ್ರ ಬ್ರಿಜ್. ಬ್ರಿಜ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ವರ ಆಟ, ಎದುರುಬದುರು ಕೂತವರು ಜೋಡಿ. ಎಲೆ ಇಳಿಸುವ ಮೊದಲು ಒಂದು ಹರಾಜು ನಡೆಯುತ್ತದೆ, ಅದಕ್ಕೆ ನಾವು ಕೂಗು ಎನ್ನುತ್ತೇವೆ. ‘ಒಂದು ಸ್ಪೇಡ್’, ‘ಎರಡು ಹಾರ್ಟ್’ ಎಂದು ಕೂಗುತ್ತಲೇ ತನ್ನ ಕೈಯಲ್ಲಿ ಏನಿದೆ ಎಂದು ಜೊತೆಗಾರನಿಗೆ ತಿಳಿಸಬೇಕು. ಯಾವ ಕೂಗಿಗೆ ಏನು ಅರ್ಥ ಎಂಬುದನ್ನು ಜೋಡಿಯವರು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಅದೇ ಅವರ ಪದ್ಧತಿ. ಅದರಲ್ಲಿ ಗುಟ್ಟಿಲ್ಲ, ಎದುರಾಳಿ ಕೇಳಿದರೆ ಬಿಡಿಸಿ ಹೇಳಲೇಬೇಕು. ಪದ್ಧತಿ ಎಷ್ಟೇ ಜಾಣತನದ್ದಾಗಿರಲಿ, ಇಬ್ಬರಲ್ಲಿ ಒಬ್ಬರು ಮರೆತರೆ ಆಟ ಅಲ್ಲಿಗೇ ಎಕ್ಕುಟ್ಟಿಹೋಗುತ್ತದೆ.

ಹದಿನೆಂಟು ವರ್ಷ ನನ್ನ ಜೊತೆ ಆಡಿದವರು ಹೋದ ವರ್ಷ ಬೇಸಿಗೆಯಲ್ಲಿ ಮಗಳ ಊರಿಗೆ ಹೋಗಿಬಿಟ್ಟರು. ಆಗ ಬಂದವರು ಗಿರಿಜಾ ಬಾಯಾರು. ದೇವಿಕೊಪ್ಪದ ದನದ ದವಾಖಾನೆಯ ಡಾಕ್ಟರು, ವಯಸ್ಸು ನಲವತ್ತೈದರ ಆಸುಪಾಸು. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಬ್ರಿಜ್ ಕಲಿತಿದ್ದರಂತೆ. ರಬ್ಬರಿನ ಉದ್ದ ಬೂಟು ಬಾಗಿಲಲ್ಲಿ ಬಿಟ್ಟು, ಕೈ ಎರಡೆರಡು ಸಲ ತೊಳೆದು ಬಂದು ಕೂರುತ್ತಿದ್ದರು. ನಾನು ಅವರಿಗೆ ನನ್ನ ಹಳೇ ವಹಿ ಕೊಟ್ಟೆ. ಎಂಬತ್ತು ಪುಟದ ಪದ್ಧತಿ, ವರ್ಷಗಟ್ಟಲೆ ಬರೆದು ಕೂಡಿಸಿದ್ದು.

ಅವರು ಹಾಳೆ ತಿರುವಿ ಹಾಕಿ ನಕ್ಕರು. “ಕಾಕಾರ, ಇದೇನು ಪದ್ಧತಿನೋ ಪಂಚಾಂಗನೋ?”

“ಹುಬ್ಬಳ್ಳಿ ಕಡೆ ಒಳ್ಳೊಳ್ಳೆ ಆಟಗಾರ್ರು ಇದನ್ನ ಆಡತಾರ್ರಿ.”

“ಆಡ್ಲಿ ಬಿಡ್ರಿ, ಅವರಿಗೆ ನೆನಪಿರತದ. ನಮ್ಮಿಬ್ಬರಿಗೂ ಒಂದ ಹೊತ್ತಿಗೆ ನೆನಪಿರೂವಂಥಾದ್ದು ಎಷ್ಟದ, ಅಷ್ಟ ನಮ್ಮ ಪದ್ಧತಿ.” ಚೀಲದಿಂದ ಒಂದು ಪೋಸ್ಟ್‌ಕಾರ್ಡು ತೆಗೆದರು. “ಇದರಾಗ ಹಿಡಿಸಿದಷ್ಟ ಬರಿಯೂಣು. ಆಟದಾಗ ಯಾ ಸಾಲು ಮರತು ಹೋಗತದ, ಅದನ್ನ ಹೊಡದು ಹಾಕೂದು. ಯಾರು ಮರತ್ರು ಅಂತ ಮಾತ್ರ ಕೇಳೂದು ಬ್ಯಾಡ. ಅಲ್ಲಿಗೆ ಜಗಳಾನ ಇಲ್ಲ.”

ಒಂದು ತಾಸು ಚೌಕಾಸಿ ನಡೆಯಿತು. ಎಂಬತ್ತು ಪುಟ ಇಳಿದು ಇಳಿದು ಹನ್ನೊಂದು ಸಾಲಾಯಿತು. ಉಳಿದದ್ದನ್ನೆಲ್ಲ ಬಿಟ್ಟುಕೊಡುವುದು ನನಗೆ ಕಷ್ಟವಾಯಿತು. ಅದಕ್ಕಿಂತ ಹೆಚ್ಚು ಕೊರೆದದ್ದು ಆ ಕಟ್ಟಳೆ. ಯಾರ ತಪ್ಪು ಎಂದು ಕೇಳಬಾರದು ಎನ್ನುವವರು ಸಾಮಾನ್ಯವಾಗಿ ತಪ್ಪು ಮಾಡುವವರೇ ಆಗಿರುತ್ತಾರೆ ಎಂದು ನನ್ನ ಅನುಭವ. ಮೇಲಾಗಿ ಕಾರ್ಡು ಅವರ ಅಕ್ಷರದಲ್ಲಿ, ಇರುವುದು ಅವರ ಚೀಲದಲ್ಲಿ. ನಾಳೆ ಒಂದು ಸಾಲು ತಿದ್ದಿ, ಮೊದಲಿಂದ ಹೀಗೇ ಇತ್ತು ಎಂದರೆ ನಾನೇನು ಮಾಡಲಿ? ಅದಕ್ಕೇ ಅವರು ಕೈ ತೊಳೆಯಲು ಹೋದಾಗ ಹನ್ನೊಂದೂ ಸಾಲನ್ನು ಅಂಗಡಿಯ ಕೆಂಪು ಪೆನ್ನಿನಲ್ಲಿ ಒಂದು ಹಾಳೆಗೆ ಇಳಿಸಿಕೊಂಡೆ. ಅದನ್ನು ಅಂಗಡಿಯಲ್ಲಿ ಯಾರೂ ಕೈ ಹಾಕದ ಜಾಗದಲ್ಲಿ ಅಡಗಿಸಿಟ್ಟೆ. ಎಲ್ಲಿ ಇಟ್ಟೆ ಎಂಬುದು ಮಾತ್ರ ಎರಡೇ ದಿನಕ್ಕೆ ಮರೆತುಹೋಯಿತು. ಅಡಗಿಸಿಟ್ಟದ್ದು ಮರೆಯುವುದು ಯಾರಿಗೆ ಇಲ್ಲ ಎಂದು ಸುಮ್ಮನಾದೆ.

ಜೂನ್ ಮೊದಲ ವಾರದಲ್ಲೇ ಮೊದಲ ಗೀಟು ಬಿತ್ತು. ನಾನು ಒಂದು ನೋ ಟ್ರಂಪ್, ಅಂದರೆ ಯಾವ ಬಣ್ಣವೂ ತುರುಫಲ್ಲ ಎಂದು ಕೂಗಿದೆ. ಗಿರಿಜಾ ಬಾಯಾರು ಎರಡು ಹಾರ್ಟ್ ಎಂದರು. ಹಾರ್ಟ್ ಚೆನ್ನಾಗಿರಬೇಕು ಎಂದು ನಾನು ಪಾಸ್ ಅಂದು ಸುಮ್ಮನೆ ಕುಳಿತೆ. ಎಲೆ ಇಳಿದಾಗ ನೋಡಿದರೆ ಅವರ ಕೈಯಲ್ಲಿ ಒಂಟಿ ಹಾರ್ಟು, ಸ್ಪೇಡು ಮಾತ್ರ ಆರು. ನಮ್ಮ ಮಾನ ಹೋಯಿತು. ಎದುರಿಗೆ ಕೂತಿದ್ದ ವಕೀಲರೂ ಅವರ ಜೋಡಿ ರೇಂಜರ್ ಸಾಹೇಬರೂ ಮುಖ ಮುಖ ನೋಡಿಕೊಂಡರು. ರೇಂಜರ್ ಸಾಹೇಬರು ಕಾಡಿನ ನೌಕರಿಯಿಂದ ನಿವೃತ್ತರಾದವರು, ಮಾತು ಕಡಿಮೆ.

“ಹಾರ್ಟ್ ಇಲ್ಲದ ಹಾರ್ಟ್ ಅಂದ್ರಲ್ರಿ ಡಾಕ್ಟ್ರ!” ಎಂದೆ.

“ನೋ ಟ್ರಂಪಿನ ಮ್ಯಾಲೆ ಎರಡು ಹಾರ್ಟ್ ಅಂದ್ರ ನನ್ನ ಕಡೆ ಸ್ಪೇಡ್ ಅದಾವು ಅಂತ, ಹೌದಲ್ರಿ? ಕಾರ್ಡಿನ್ಯಾಗ ಐದನೇ ಸಾಲು.”

“ಹಂಗ ಎಂದೂ ಮಾತಾಡಿಲ್ಲ ನಾವು. ಅಗದಿ ಖಾತ್ರಿ ಹೇಳತೀನಿ.”

ಅವರು ಕಾರ್ಡು ತೋರಿಸಿದರು. ಇತ್ತು. ಅವರದೇ ಅಕ್ಷರ. ಯಾವಾಗ ಸೇರಿಸಿದಳು ಈಕೆ ಎಂದು ನಾನು ನೋಡುತ್ತಲೇ ಇದ್ದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಹೋಗ್ಲಿ ಬಿಡ್ರಿ ಕಾಕಾರ, ನಂದ ತಪ್ಪಿರಬೇಕು. ಹೊಡೀರಿ” ಎಂದು ತಾವೇ ನೀಲಿ ಪೆನ್ನಿನಿಂದ ಗೀಟು ಎಳೆದರು.

ಮುಂದಿನ ವಾರ ಅಂಗಡಿಯಲ್ಲೂ ಒಂದು ಪ್ರಸಂಗ. ಬಾಯಾರ ಅತ್ತೆಗೆ ಥೈರಾಯ್ಡ್ ಗುಳಿಗೆ ಬೇಕಿತ್ತು, ಕೊಟ್ಟಿದ್ದೆ. ಮರುದಿನ ಸ್ಟ್ರಿಪ್ ಮರಳಿ ತಂದರು. “ನೂರರದ್ದು ಬಂದದ್ರಿ. ನಮಗ ಇಪ್ಪತ್ತೈದರದ್ದು ಬೇಕಿತ್ತು. ನಾನ ತಪ್ಪು ಹೇಳಿದ್ನೋ ಏನೋ.” ನಾನು ಸ್ಟ್ರಿಪ್ ಬದಲಿಸಿ ಕೊಟ್ಟು ಅರ್ಧ ತಾಸು ಉಪದೇಶ ಮಾಡಿದೆ. ನೀವು ಡಾಕ್ಟರು, ಗುಳಿಗೆಯ ಅಳತೆ ತಪ್ಪಿ ಹೇಳಬಾರದು, ಮುದುಕರ ಎದೆಬಡಿತ ಏರಿದರೆ ಜೀವಕ್ಕೆ ಕುತ್ತು ಎಂದೆಲ್ಲ. ಬಾಯಾರು ತಲೆ ಬಗ್ಗಿಸಿ ಕೇಳಿಸಿಕೊಂಡರು. ಹೋಗುವಾಗ ಅಂಗಡಿಯ ಹಿಂದಿನ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ಕಮಲಾ ಜೊತೆ ಬಹಳ ಹೊತ್ತು ಮಾತಾಡಿದರು. ನಾನು ಹತ್ತಿರ ಹೋದಾಗ ಇಬ್ಬರೂ ಉಪ್ಪಿನಕಾಯಿಯ ಮಾತು ತೆಗೆದರು. ಜೂನ್ ತಿಂಗಳಲ್ಲಿ ಉಪ್ಪಿನಕಾಯಿಯ ಮಾತಿಗೆ ಅಷ್ಟು ದನಿ ಇಳಿಸುವುದು ಯಾಕೆ?

ಮರುದಿನದಿಂದ ಕಮಲಾ ಅಂಗಡಿಗೆ ಬಂದು ಕುಳಿತಳು. ಇಪ್ಪತ್ತೆಂಟು ವರ್ಷ ಅಂಗಡಿಯ ಮೆಟ್ಟಿಲು ಹತ್ತದವಳು.

“ಮನ್ಯಾಗ ಬ್ಯಾಸರಾಗತದ್ರಿ” ಎಂದಳು.

ಬೇಸರ ಕಳೆಯಲು ಬಂದವಳು ಪ್ರತಿ ಚೀಟಿ ಇಸಿದುಕೊಂಡು ಓದುತ್ತಾಳೆ, ನಾನು ತೆಗೆದ ಸ್ಟ್ರಿಪ್ಪಿನ ಹೆಸರು ಬಾಯಿ ಬಿಟ್ಟು ಹೇಳಿ ಆಮೇಲೆ ಕೈಗೆ ಕೊಡುತ್ತಾಳೆ. ಆ ದಿನಗಳಲ್ಲಿ ಒಬ್ಬ ಹುಬ್ಬಳ್ಳಿಯವನು ಬಂದು ನಮ್ಮ ಅಂಗಡಿಯ ಅಗಲ ನೋಡಿಕೊಂಡು ಹೋಗಿದ್ದ, ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದ್ದ. ಎರಡಕ್ಕೂ ಗಂಟು ಹಾಕಿದೆ. ಅಂಗಡಿ ನನ್ನಿಂದ ಬಿಡಿಸಬೇಕು ಎಂದು ಇವರಿಬ್ಬರೂ ಸೇರಿ ಏನೋ ನಡೆಸಿದ್ದಾರೆ ಎಂದು ತಲೆಯಲ್ಲಿ ಕುಳಿತುಬಿಟ್ಟಿತು. ಲೈಸನ್ಸು ನನ್ನ ಹೆಸರಿನಲ್ಲಿ. ಆ ಕೌಂಟರು ಹೋದರೆ ನಾನು ಯಾರು? ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುವ ಇನ್ನೊಬ್ಬ ಮುದುಕ, ಅಷ್ಟೇ. ಆ ಭಯ ನನ್ನನ್ನು ತಿನ್ನುತ್ತಿತ್ತು.

ಜುಲೈ ತಿಂಗಳು ಮಳೆ ಬಿಡಲೇ ಇಲ್ಲ. ಗದ್ದೆಗಳಲ್ಲಿ ನಾಟಿಯ ಗಡಿಬಿಡಿ, ಬಸ್ಸಿನಿಂದ ಇಳಿದವರ ಮೊಣಕಾಲ ತನಕ ಕೆಸರು, ನನ್ನ ಕೌಂಟರಿನಲ್ಲಿ ಕಾಲುಬೆರಳ ಸಂದಿ ಹುಣ್ಣಿನ ಮುಲಾಮಿಗೆ ಸರದಿ. ಕ್ಲಬ್ಬಿನಲ್ಲಿ ಆ ತಿಂಗಳು ಮೂರು ಸಾಲು ಹೋದವು. ನನ್ನ ಕೂಗನ್ನು ಬಾಯಾರು ಮೂರಕ್ಕೆ ಏರಿಸಿದರೆ ಕೈ ಗಟ್ಟಿ ಎಂದು ನಾನು ತಿಳಿದೆ, ಅವರು ಕೈ ಸೋತದ್ದು ಎಂದರು. ಪ್ರತಿ ಸಲ ಅದೇ ಮಾತು. “ನನ್ನ ತಲಿಗೆ ಇದು ಹಿಡಿಸಂಗಿಲ್ರಿ ಕಾಕಾರ, ತಗದು ಹಾಕೂಣು.” ಇಷ್ಟು ಮರೆವಿನ ಹೆಂಗಸು ಎಮ್ಮೆಗೆ ಹೇಗೆ ಇಂಜೆಕ್ಷನ್ ಕೊಡುತ್ತಾಳಪ್ಪ ಎಂದು ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಆಟ ಮುಗಿಸಿ ಇಳಿದು ಬರುವಾಗ ಒಂದು ದಿನ ನನ್ನ ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಕಳಚಿ ಉಳಿದಿತ್ತು. ಹತ್ತು ಹೆಜ್ಜೆ ಹೋದರೂ ನನಗೆ ಗೊತ್ತಾಗಿರಲಿಲ್ಲ. ಬಾಯಾರು ಹಿಂದಿನಿಂದ ಎತ್ತಿ ತಂದುಕೊಟ್ಟರು. ಕೊಟ್ಟವರು ಸುಮ್ಮನೆ ಹೋಗಬಾರದೆ? ನನ್ನ ಪಾದವನ್ನೇ ನೋಡುತ್ತ ನಿಂತರು. ಮನಸ್ಸಿನಲ್ಲಿ ನಗುತ್ತಿದ್ದಾರೆ ಎಂದುಕೊಂಡು ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆ ವಾರವೇ ಕಮಲಾ ಊಟಕ್ಕೆ ಬಡಿಸುತ್ತ ಮೆಲ್ಲಗೆ ತೆಗೆದಳು. “ಹುಬ್ಬಳ್ಳಿಗೆ ಹೋಗಿ ಒಮ್ಮೆ ರಕ್ತ ತಪಾಸ ಮಾಡಿಸಿಕೊಂಡು ಬರೂಣೇನ್ರಿ?”

“ಯಾಕ? ನನಗೇನಾಗ್ಯದ?”

“ಏನೂ ಆಗಿಲ್ಲ. ವರ್ಷಕ್ಕೊಮ್ಮೆ ಎಲ್ಲಾರೂ ಮಾಡಸ್ತಾರ.”

“ಯಾ ಲ್ಯಾಬಿನವ ನಿನಗ ಹೇಳಿಕೊಟ್ಟಾನ? ಇಲ್ಲಾ ಆ ದನದ ಡಾಕ್ಟರ್ ಹೇಳಿಕೊಟ್ಟಾಳ?”

ಕಮಲಾ ಸೌಟು ಅಲ್ಲೇ ಬಿಟ್ಟು ಎದ್ದು ಹೋದಳು. ನನಗೆ ಗೆದ್ದ ಹಾಗಾಯಿತು. ಅಂಥ ಗೆಲುವು ಆ ವರ್ಷ ನನಗೆ ಬಹಳ ಸಿಕ್ಕವು.

ಆಗಸ್ಟಿನಲ್ಲಿ ಇನ್ನೊಂದು ನೋಡಿದೆ. ದೇವಿಕೊಪ್ಪದ ಕ್ರಾಸಿನ ಚಹಾದಂಗಡಿಯಲ್ಲಿ ಗಿರಿಜಾ ಬಾಯಾರು, ವಕೀಲರು, ರೇಂಜರ್ ಸಾಹೇಬರು ಮೂವರೂ ಒಂದೇ ಬೆಂಚಿನಲ್ಲಿ. ನನ್ನ ಬಸ್ಸು ನಿಲ್ಲದೆ ಹೋಯಿತು, ಅವರು ನನ್ನನ್ನು ನೋಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಳ್ನಾವರದಲ್ಲಿ ಸುತ್ತಲಿನ ಕ್ಲಬ್ಬುಗಳ ಜೋಡಿಗಳಿಗೆ ಪಂದ್ಯ ಇರುತ್ತದೆ. ಅಲ್ಲಿ ನಮ್ಮ ದೊಡ್ಡ ಎದುರಾಳಿಗಳೇ ಆ ಇಬ್ಬರು. ಅವರ ಜೊತೆ ಈಕೆಗೆ ಏನು ಚಹಾ? ಆವತ್ತಿನಿಂದ ನಾನು ಆಟಕ್ಕಿಂತ ಹೆಚ್ಚಾಗಿ ಬಾಯಾರ ಕಣ್ಣನ್ನು ನೋಡತೊಡಗಿದೆ. ಆ ತಿಂಗಳ ಕೊನೆಗೆ ಇನ್ನೂ ಮೂರು ಸಾಲು ಹೋಗಿ, ಕಾರ್ಡಿನಲ್ಲಿ ನಾಲ್ಕು ಉಳಿದವು.

ಅಳ್ನಾವರದ ಪಂದ್ಯದ ದಿನ ಕಾಡಿನ ಕಡೆಯಿಂದ ಬಂದ ಮಳೆ ಬೆಳಿಗ್ಗೆಯಿಂದ ಹಿಡಿದಿತ್ತು. ರೈಲ್ವೆ ಸ್ಟೇಶನ್ನಿನ ಹಿಂದಿನ ಒಂದು ಗೋದಾಮಿನಲ್ಲಿ ಟೇಬಲ್ಲು ಹಾಕಿದ್ದರು. ಮೇಲೆ ತಗಡಿನ ಶೀಟು. ಮಳೆಯ ಸಪ್ಪಳಕ್ಕೆ ಪಕ್ಕದವರ ಮಾತೂ ಕೇಳುವುದಿಲ್ಲ. ಅದಕ್ಕೆ ಅಳ್ನಾವರದವರ ರೂಢಿಯೇ ಬೇರೆ: ಕೂಗನ್ನು ಬಾಯಿಂದ ಹೇಳುವ ಹಾಗಿಲ್ಲ, ಟೇಬಲ್ಲಿನ ನಡುವೆ ಇಟ್ಟ ಒಂದು ಚೀಟಿಯಲ್ಲಿ ಸರದಿಯಂತೆ ಬರೆಯಬೇಕು. ಆಟ ಮುಗಿಯುವ ತನಕ ಚೀಟಿ ಅಲ್ಲೇ ಇರುತ್ತದೆ. ಆಶ್ಚರ್ಯವೆಂದರೆ ನಾಲ್ಕೇ ಸಾಲಿನ ಪದ್ಧತಿ ಇಟ್ಟುಕೊಂಡು ನಾವು ಒಂದೊಂದೇ ಜೋಡಿಯನ್ನು ದಾಟುತ್ತ ಹೋದೆವು. ಕೊನೆಯ ಸುತ್ತಿನಲ್ಲಿ ವಕೀಲರು ಮತ್ತು ರೇಂಜರ್ ಸಾಹೇಬರು. ಅಲ್ಲಿ ಗೆದ್ದರೆ ಮೊದಲ ಸ್ಥಾನ.

ಕಡೆಯ ಕೈ. ಬಾಯಾರು ಸ್ಪೇಡಿನಿಂದ ಶುರು ಮಾಡಿದರು, ನಾನು ಏರಿಸಿದೆ. ಅವರು ನಾಲ್ಕು ನೋ ಟ್ರಂಪ್ ಬರೆದರು. ಅದು ನಿನ್ನ ಹತ್ತಿರ ಎಕ್ಕ ಎಷ್ಟಿವೆ ಎಂಬ ಪ್ರಶ್ನೆ. ಒಂದಿದ್ದರೆ ಐದು ಡೈಮಂಡ್, ಎರಡಿದ್ದರೆ ಐದು ಹಾರ್ಟ್ ಎಂದು ಉತ್ತರ. ನನ್ನ ಕೈಯಲ್ಲಿ ಎರಡು ಎಕ್ಕ ಇದ್ದವು. ಉತ್ತರ ಬರೆದೆ. ಬಾಯಾರು ಚೀಟಿ ನೋಡಿ, ನನ್ನನ್ನು ನೋಡಿ, ಐದು ಸ್ಪೇಡ್ ಎಂದು ಬರೆದು ಕೂಗನ್ನು ಅಲ್ಲಿಗೇ ನಿಲ್ಲಿಸಿದರು. ನಾನು ಎಲೆಗಳನ್ನು ಟೇಬಲ್ಲಿನ ಮೇಲೆ ಬಿಚ್ಚಿಟ್ಟೆ. ಅವರು ಆಡಿ ಹನ್ನೆರಡು ಪಟ್ಟು ಎತ್ತಿದರು. ಹನ್ನೆರಡು ಎತ್ತುವವರು ಆರು ಕೂಗಬೇಕು; ಕೂಗಿದ್ದರೆ ಪಂದ್ಯ ನಮ್ಮದು. ಐದಕ್ಕೆ ನಿಂತದ್ದರಿಂದ ಹೋಯಿತು.

ಎದ್ದು ನಿಂತೆ. “ಎರಡು ಎಕ್ಕ ಅದಾವು ಅಂತ ಬರದರೂ ನಿಂತ್ರಲ್ರಿ! ಗೊತ್ತದ ನನಗ. ಚಹಾದಂಗಡ್ಯಾಗ ಕೂತು ಯಾವ ಮಾತಾತು ಅಂತ ಗೊತ್ತದ. ಆಟ ಮಾರೀರಿ ನೀವು.”

ಮಳೆ ಇದ್ದರೂ ಇಡೀ ಗೋದಾಮಿಗೆ ಕೇಳಿಸಿತು. ವಕೀಲರು ಬಾಯಿ ತೆರೆದರು. ರೇಂಜರ್ ಸಾಹೇಬರು ಅವರ ತೋಳು ಹಿಡಿದು ಸುಮ್ಮನಾಗಿಸಿ, ನನ್ನತ್ತ ಚೀಟಿ ಸರಿಸಿದರು. “ವಿರೂಪಾಕ್ಷಣ್ಣಾ, ಚಷ್ಮಾ ಹಾಕ್ಕೊಂಡು ಒಮ್ಮೆ ಓದ್ರಿ. ಚಹಾದ ಮಾತು ಅಂದ್ರ, ನಮ್ಮ ಆಕಳ ಕೆಚ್ಚಲ ಬಾತಿತ್ತು, ಬಾಯಾರು ಬಂದು ನೋಡಿಹೋದ್ರು. ಅಷ್ಟ.”

ಓದಿದೆ. ಐದು ಡೈಮಂಡ್. ನನ್ನದೇ ಅಕ್ಷರ. ಆದರೆ ನಾನು ಐದು ಹಾರ್ಟ್ ಬರೆದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. “ಚೀಟಿ ಬದಲಿ ಮಾಡೀರಿ” ಎಂದೆ. ಹಾಗೆ ಅನ್ನುವಾಗ ನನಗೇ ನನ್ನ ದನಿ ಬೇರೆ ಕೇಳಿಸಿತು. ಬಾಯಾರು ಚೀಟಿ ಮಡಚಿ ಚೀಲದಲ್ಲಿಟ್ಟುಕೊಂಡು, ಬೂಟು ಹಾಕಿಕೊಂಡು ಮಳೆಯಲ್ಲೇ ಬಸ್ಸಿಗೆ ನಡೆದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅದನ್ನೂ ನಾಟಕ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು ಎಂದಿನಂತೆ ನನ್ನ ಆಸಿಡಿಟಿ ಗುಳಿಗೆಗೆ ಕೈ ಹಾಕಿದೆ. ದಿನಾ ತಿಂಡಿಗೆ ಮೊದಲು ಒಂದು. ಪೆಟ್ಟಿಗೆ ಖಾಲಿಯಾಗಿತ್ತು. ಕಪಾಟಿನ ಹಿಂಬದಿಯಲ್ಲಿ ನನಗೆಂದೇ ತೆಗೆದಿಟ್ಟ ಹೊಸ ಪೆಟ್ಟಿಗೆ ಎಳೆದು ಬಿಚ್ಚಿದರೆ, ಸ್ಟ್ರಿಪ್ಪುಗಳ ನಡುವೆ ಮಡಚಿದ ಒಂದು ಹಾಳೆ. ಕೆಂಪು ಶಾಯಿಯ ಹನ್ನೊಂದು ಸಾಲು.

ನಿಂತಲ್ಲೇ ಓದಿದೆ. ಐದನೆಯ ಸಾಲು: ನೋ ಟ್ರಂಪಿನ ಮೇಲೆ ಎರಡು ಹಾರ್ಟ್ ಎಂದರೆ ಸ್ಪೇಡ್. ನಾನು ಎಂದೂ ಮಾತಾಡಿಲ್ಲ ಎಂದು ಖಾತ್ರಿ ಹೇಳಿದ ಸಾಲು. ಮೂರಕ್ಕೆ ಏರಿಸಿದರೆ ಕೈ ಸೋತದ್ದು ಎಂಬುದೂ ಇತ್ತು. ಜಗಳವಾಡಿದ ಒಂದೊಂದು ಸಾಲೂ ಬಾಯಾರು ಹೇಳಿದ ಹಾಗೇ ಇತ್ತು. ಈ ಹಾಳೆಗೆ ಯಾರ ಕೈಯೂ ತಗುಲಿಲ್ಲ. ಸಂಶಯಪಡಲು ಅಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ. ಕೌಂಟರಿನ ಆ ಕಡೆ ಯಾರೋ ಜ್ವರದ ಗುಳಿಗೆ ಕೇಳುತ್ತಿದ್ದರು, ನನಗೆ ಸ್ಟ್ರಿಪ್ ಮುಟ್ಟಲು ಧೈರ್ಯವಾಗಲಿಲ್ಲ. “ಕಮಲಾ, ನೀನ ಕೊಡು” ಎಂದು ಹೊರಗೆ ಬಂದು ದೇವಿಕೊಪ್ಪದ ಬಸ್ಸು ಹತ್ತಿದೆ.

ಬಾಯಾರು ದವಾಖಾನೆಯ ಅಂಗಳದಲ್ಲಿ ಒಂದು ಎಮ್ಮೆಯ ಬಾಯಿ ಬಿಡಿಸಿ ನಾಲಗೆ ನೋಡುತ್ತಿದ್ದರು. ನಾನು ಕೆಂಪು ಹಾಳೆ ಮುಂದೆ ಹಿಡಿದೆ. ನೋಡಿದರು. ಎಮ್ಮೆಯವನನ್ನು ಕಳಿಸಿ ಕೈ ತೊಳೆದು ಬಂದು, ಚೀಲದಿಂದ ಪೋಸ್ಟ್‌ಕಾರ್ಡು, ನಿನ್ನೆಯ ಚೀಟಿ, ಮತ್ತೆ ಅವರ ಅತ್ತೆಯ ಔಷಧಿ ಚೀಟಿ ಮೂರನ್ನೂ ಬೆಂಚಿನ ಮೇಲೆ ಇಟ್ಟರು. ಔಷಧಿ ಚೀಟಿಯಲ್ಲಿ ಇಪ್ಪತ್ತೈದು ಎಂದು ಅಚ್ಚಿನಲ್ಲಿ ಹೊಡೆದ ಹಾಗೆ ಸ್ಪಷ್ಟವಾಗಿತ್ತು.

“ಇದನ್ನ ನೋಡಿ ನಾನು ನೂರು ಕೊಟ್ನೇನ್ರಿ?” ಎಂದೆ.

“ಹೌದ್ರಿ. ಅವತ್ತ ಕಮಲಕ್ಕಗ ಹೇಳಿದೆ. ಅವರು ಕೌಂಟರ್ ಕಾಯತೀನಿ ಅಂದ್ರು, ನಾನು ಕಾರ್ಡು ನೋಡತೀನಿ ಅಂದೆ. ಯಾವ ಸಾಲು ಯಾವಾಗ ಹೋತು ಅಂತ ಬರದಿಟ್ಟೀನಿ. ಡಾಕ್ಟರಿಗೆ ತೋರಸಾಕ ಬೇಕಾಗತದಂತ.”

“ಮೊದಲ ನನಗ ಯಾಕ ಹೇಳಲಿಲ್ರಿ?”

“ಕಮಲಕ್ಕ ಹೇಳಿದ್ದಕ್ಕ ಏನಂದ್ರಿ ನೀವು? ಯಾ ಲ್ಯಾಬಿನವ ಅಂದ್ರಿ. ನಾ ಹೇಳಿದ್ರ ನಂಬತಿದ್ರೇನ್ರಿ ಕಾಕಾರ?”

ಎಮ್ಮೆ ಕಟ್ಟುವ ಗೂಟ ನೋಡುತ್ತ ಕುಳಿತೆ. ನಾಚಿಕೆಗೆ ಅಳು ಬಂತು, ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟು, ಆಮೇಲೆ ಕೇಳಿದರು. “ಕಾಲು ಜುಮು ಜುಮು ಅಂತಾವೇನ್ರಿ?”

“ಅಂತಾವು. ವರ್ಷಾತು.”

“ನಾಲಗಿ ತೋರಸ್ರಿ.” ತೋರಿಸಿದೆ. ಈಗಷ್ಟೇ ಎಮ್ಮೆಯ ನಾಲಗೆ ನೋಡಿದ ಕಣ್ಣಿನಿಂದಲೇ ನೋಡಿದರು. “ನಾ ಮನಷ್ಯಾರ ಡಾಕ್ಟರ್ ಅಲ್ರಿ. ದನಾ ಆಗಿದ್ರ ಇಷ್ಟೊತ್ತಿಗೆ ಸೂಜಿ ಚುಚ್ಚಿರತಿದ್ದೆ. ನಾಳೆ ಹುಬ್ಬಳ್ಳಿಗೆ ಹೋಗೂಣು, ನಾನೂ ಬರತೀನಿ.”

ಹುಬ್ಬಳ್ಳಿಯ ಡಾಕ್ಟರು ಬಾಯಾರ ಕಾರ್ಡನ್ನು ಎಕ್ಸ್‌ರೇ ಹಿಡಿದ ಹಾಗೆ ಬೆಳಕಿಗೆ ಹಿಡಿದು ನೋಡಿದರು. ರಕ್ತ ತೆಗೆಸಿದರು. ಬಿ ಹನ್ನೆರಡು ಎಂಬ ಜೀವಸತ್ವ ನನ್ನ ಮೈಯಲ್ಲಿ ಹೆಚ್ಚುಕಡಿಮೆ ಬರಿದಾಗಿತ್ತು. “ಮೊಟ್ಟೆ, ಮಾಂಸ?” ಎಂದರು. ನಮ್ಮ ಮನೆಯಲ್ಲಿ ಇಲ್ಲ ಎಂದೆ. “ಯಾವ ಗುಳಿಗೆ ತಗೊಳ್ಳುತ್ತೀರಿ?” ಸಕ್ಕರೆ ಕಾಯಿಲೆಗೆ ಒಂದು ಎಂದೆ. ಕಮಲಾ ಪಕ್ಕದಿಂದ, “ಆಸಿಡಿಟಿದು ಹೇಳ್ರಿ” ಎಂದಳು. ಎಷ್ಟು ವರ್ಷದಿಂದ? ಎಂಟು. ಯಾರು ಬರೆದುಕೊಟ್ಟದ್ದು? ಯಾರೂ ಇಲ್ಲ. ನನ್ನದೇ ಕಪಾಟು, ನನ್ನದೇ ಕೈ. ಎರಡೂ ಗುಳಿಗೆ ವರ್ಷಗಟ್ಟಲೆ ಕೂಡಿ ನಡೆದರೆ ಆ ಜೀವಸತ್ವ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಅದರಿಂದ ನೆನಪು, ನರ, ಸಿಟ್ಟು, ಸಂಶಯ ಎಲ್ಲವೂ ಏರುಪೇರಾಗಬಹುದು ಎಂದರು ಡಾಕ್ಟರು. ಊರಿನವರನ್ನೆಲ್ಲ ಕೌಂಟರಿನಲ್ಲಿ ನಿಲ್ಲಿಸಿ ಕೇಳಿದ ಮೂರು ಪ್ರಶ್ನೆಯನ್ನು ನಾನು ನನಗೆ ಎಂಟು ವರ್ಷ ಕೇಳಿಕೊಂಡಿರಲಿಲ್ಲ.

ಸೂಜಿ ಶುರುವಾದವು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಆರು ತಿಂಗಳು ನಾನು ಅಂಗಡಿಯ ಔಷಧಿ ಮುಟ್ಟಲಿಲ್ಲ, ಫಾರ್ಮಸಿ ಕಲಿತ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡೆವು. ಸಂಕ್ರಾಂತಿಯ ಹೊತ್ತಿಗೆ ಕಾಲಿಗೆ ನೆಲ ಗೊತ್ತಾಗತೊಡಗಿತು. ನಿನ್ನೆ ಮಾಡಿದ್ದು ಇವತ್ತಿಗೆ ನೆನಪಿರತೊಡಗಿತು. ಅಂಗಡಿಗೆ ಮರಳಿದ ಮೇಲೂ ಕಮಲಾ ಕುರ್ಚಿ ಬಿಟ್ಟಿಲ್ಲ, ನಾನು ತೆಗೆದ ಪ್ರತಿ ಸ್ಟ್ರಿಪ್ಪಿನ ಹೆಸರು ಬಾಯಿ ಬಿಟ್ಟು ಓದಿಯೇ ಕೊಡುತ್ತಾಳೆ. ಈಗ ನನಗೆ ಅದು ಬೇಕು. ಸಿಟ್ಟು, ಸಂಶಯಕ್ಕೂ ಆ ಸೂಜಿಯೇ ಮದ್ದು ಎಂದು ಕಮಲಾ ಆಸೆ ಇಟ್ಟುಕೊಂಡಿದ್ದಳು. ಅದರಲ್ಲಿ ಅರ್ಧ ಹುಟ್ಟುಗುಣ, ಹೋಗಿಲ್ಲ. ಕ್ಲಬ್ಬಿಗೆ ಹೋಗಿ ಬಾಯಾರ ಕ್ಷಮೆ ಕೇಳಿದ ದಿನ ಅವರು ಬೇರೇನೂ ಕೇಳಲಿಲ್ಲ, ಕಾರ್ಡು ಮುಂದಿಟ್ಟರು. ನಾಲ್ಕು ನೋ ಟ್ರಂಪಿನ ಸಾಲನ್ನು ನಾನೇ ನನ್ನ ಕೆಂಪು ಪೆನ್ನಿನಿಂದ ಹೊಡೆದೆ. ನಾನು ಪೂರಾ ಸುಧಾರಿಸಿದೆ ಎಂದು ಡಾಕ್ಟರು ಹೇಳುವ ತನಕ ಆಡುವುದು ಬೇಡ ಎಂದು ಕಾರ್ಡನ್ನು ಎಲೆಗಳ ಕೆಳಗಿಟ್ಟು ಡಬ್ಬಿ ಮುಚ್ಚಿದರು.

ಆ ಡಬ್ಬಿ ಮತ್ತೆ ತೆರೆದದ್ದು ಮೊನ್ನೆ ಶನಿವಾರ. ಹೊಡೆದ ಸಾಲುಗಳನ್ನು ಮತ್ತೆ ಸೇರಿಸೋಣ, ಈಗ ನನಗೆ ಎಂಬತ್ತು ಪುಟವೂ ನೆನಪಿರುತ್ತದೆ ಎಂದೆ. ಬಾಯಾರು ಒಪ್ಪಲಿಲ್ಲ. “ಮೂರು ಸಾಲು ಭಾಳಾತ್ರಿ.” ಬೆಳಗಿನಿಂದ ಅವರು ಒಂದು ಹಳ್ಳಿಯಲ್ಲಿ ಕರು ಅಡ್ಡ ಸಿಕ್ಕಿದ್ದ ಆಕಳ ಹತ್ತಿರ ನಿಂತು ಬಂದಿದ್ದರು, ತೋಳು ಎತ್ತಲು ಆಗುತ್ತಿರಲಿಲ್ಲ. ಎದುರಿಗೆ ಅದೇ ವಕೀಲರು, ಅದೇ ರೇಂಜರ್ ಸಾಹೇಬರು.

ಬಾಯಾರು ಒಂದು ನೋ ಟ್ರಂಪ್ ಕೂಗಿದರು. ನಾನು ಎರಡು ಕ್ಲಬ್ ಎಂದೆ. ಉಳಿದ ಮೂರು ಸಾಲಿನಲ್ಲಿ ಒಂದು ಅದು: ಕೈಯಲ್ಲಿ ಕ್ಲಬ್ ಎಲೆ ಇದೆ ಎಂದಲ್ಲ, ನಿನ್ನ ಹತ್ತಿರ ನಾಲ್ಕು ಹಾರ್ಟೋ ನಾಲ್ಕು ಸ್ಪೇಡೋ ಇವೆಯೇ ಎಂದು ಕೇಳುವುದು; ಅದಕ್ಕೆ ಉತ್ತರ ಕೊಡಲೇಬೇಕು. ಬಾಯಾರು ಎಲೆಗಳನ್ನೇ ನೋಡುತ್ತ, “ಪಾಸ್” ಎಂದರು.

ನನ್ನ ಕೈಯಲ್ಲಿ ಕ್ಲಬ್ಬು ಎರಡೇ ಎರಡು. ಆಡಿದೆ, ಹಾಳಾಗಿ ಹೋಯಿತು. ವಕೀಲರ ಮೀಸೆಯಡಿ ನಗು. ಬಾಯಾರು ಹಣೆ ಉಜ್ಜಿಕೊಂಡು ಕಾರ್ಡಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕಾರ್ಡು ನನ್ನ ಹತ್ತಿರ ಇತ್ತು. ಸಾಲು ಅಚ್ಚುಕಟ್ಟಾಗಿ ಅಲ್ಲೇ ಇತ್ತು, ನನಗೆ ಚೆನ್ನಾಗಿ ನೆನಪಿತ್ತು. ನಾನು ಕಾರ್ಡು ಮಗುಚಿ ಇಟ್ಟೆ.

“ನಂದ ತಪ್ಪಿರಬೇಕ್ರಿ” ಎಂದೆ. “ಹೊಡೀರಿ.”

ಬಾಯಾರು ಪೆನ್ನು ತೆಗೆಯಲಿಲ್ಲ. ಕಣ್ಣು ಸಣ್ಣ ಮಾಡಿ ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ಟೇಬಲ್ಲಿನ ಕೆಳಗೆ ನನ್ನ ಕಾಲು ನೋಡಿದರು.

“ಕಾಕಾರ, ಈ ತಿಂಗಳ ಸೂಜಿ ತಪ್ಪಿಸಿಲ್ಲ, ಹೌದಿಲ್ರಿ?”